ಕಿರುತೆರೆಯ ದುಡಿಮೆ, ದುಡಿಮೆಯೊಳಗಿನ ಜಗತ್ತು

1895ರಲ್ಲಿ ಲ್ಯುಮಿಯೇರ್ ಸಹೋದರರು ಫ್ರಾನ್ಸಿನ ಲಿಯೋನ್ ನಗರದಲ್ಲಿ ತಮ್ಮದೇ ಕಾರ್ಖಾನೆಯ ಎದುರು ಕ್ಯಾಮೆರಾ ಇಟ್ಟು, ಕೆಲಸ ಮುಗಿಸಿ ಗೇಟಿನಿಂದ ಹೊರಬರುತ್ತಿದ್ದ ಕಾರ್ಮಿಕರನ್ನು ಚಿತ್ರಿಸಿದರು. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಆ ತುಣುಕಿಗೆ ಸಿನಿಮಾ ಚರಿತ್ರೆಯ ಮೊದಲ ಪುಟದಲ್ಲೇ ಜಾಗವಿದೆ. ಸರಿಯಾಗಿ ನೂರು ವರ್ಷಗಳ ಮೇಲೆ ಜರ್ಮನಿಯ ನಿರ್ದೇಶಕ ಹಾರುನ್ ಫಾರೊಕಿ ಆ ದೃಶ್ಯದ ಬೆನ್ನು ಹತ್ತಿ ಒಂದು ಚಿತ್ರಪ್ರಬಂಧ ಮಾಡಿದರು. ಕ್ಯಾಮೆರಾ ಅಂದು ಗೇಟಿನ ಹೊರಗೆ ನಿಂತದ್ದು ಹೆಚ್ಚುಕಡಿಮೆ ಅಲ್ಲೇ ಉಳಿದುಬಿಟ್ಟಿತು, ಸಿನಿಮಾದ ಕಥೆಗಳು ಶುರುವಾಗುವುದೇ ಕೆಲಸದ ಹೊತ್ತು ಮುಗಿದ ಮೇಲೆ ಎಂಬುದನ್ನು ಅವರು ಒಂದೊಂದೇ ಚಿತ್ರದ ತುಣುಕು ಹಿಡಿದು ತೋರಿಸಿದರು.

ಸುದ್ದಿವಾಹಿನಿಗಳು ತೋರಿಸುವ ಜಾಗತಿಕ ರಾಜಕೀಯಕ್ಕೂ ಇದೇ ಮಿತಿ ಇದೆ. ನಾಯಕರು ವಿಮಾನದಿಂದ ಇಳಿಯುತ್ತಾರೆ, ಕೈ ಕುಲುಕುತ್ತಾರೆ, ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಆ ಸಹಿಯಿಂದ ಯಾವ ಊರಿನ ಕಾರ್ಖಾನೆ ಮುಚ್ಚುತ್ತದೆ, ಯಾರು ಮನೆ ಬಿಟ್ಟು ದೂರ ದೇಶಕ್ಕೆ ದುಡಿಯಲು ಹೋಗುತ್ತಾರೆ, ಯಾರ ಪಾಳಿ ಎರಡು ತಾಸು ಹೆಚ್ಚುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಈ ಗೇಟನ್ನು ದಾಟಿ ಒಳಗೆ ಹೋಗುವ ಶಕ್ತಿ ಜನಪ್ರಿಯ ಟಿವಿ ಧಾರಾವಾಹಿಗೆ ಇದೆಯೇ? ಕಳೆದ ಕೆಲವು ದಶಕಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಬಂದ ಕೆಲವು ಧಾರಾವಾಹಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇದೆ ಎಂದೇ ಹೇಳಬೇಕಾಗುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಧಾರಾವಾಹಿ ದುಡಿಮೆಯನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೋ ಜಗತ್ತಿನ ರಾಜಕೀಯವನ್ನೂ ಅಷ್ಟೇ ಪ್ರಾಮಾಣಿಕವಾಗಿ ತೋರಿಸಬಲ್ಲದು. ದುಡಿಮೆಯ ಬಗ್ಗೆ ಸುಳ್ಳು ಹೇಳಿದ ಧಾರಾವಾಹಿ ರಾಜಕೀಯದ ಬಗ್ಗೆಯೂ ಸುಳ್ಳು ಹೇಳುತ್ತದೆ.

ಧಾರಾವಾಹಿಗೇ ಯಾಕೆ ಈ ಶಕ್ತಿ?

ಅಂತರರಾಷ್ಟ್ರೀಯ ರಾಜಕೀಯವನ್ನು ಓದುವ ವಿದ್ವಾಂಸರು ಬಹುಕಾಲ ಟಿವಿಯನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ರಾಜ್ಯ, ಸೈನ್ಯ, ಒಪ್ಪಂದ. ಸಿಂಥಿಯಾ ಎನ್‌ಲೋ 1989ರಲ್ಲಿ ‘ಬನಾನಾಸ್, ಬೀಚಸ್ ಆ್ಯಂಡ್ ಬೇಸಸ್’ ಎಂಬ ಪುಸ್ತಕ ಬರೆದು ಈ ನೋಟವನ್ನು ಅಲುಗಾಡಿಸಿದರು. ಬಾಳೆತೋಟದ ಹೆಂಗಸರು, ರಾಜತಂತ್ರಜ್ಞರ ಹೆಂಡಂದಿರು, ಸೈನಿಕ ನೆಲೆಗಳ ಸುತ್ತ ಬದುಕು ಕಟ್ಟಿಕೊಂಡವರು, ಪರದೇಶದಲ್ಲಿ ಮನೆಗೆಲಸ ಮಾಡುವವರು, ಇವರೆಲ್ಲರ ದುಡಿಮೆ ಇಲ್ಲದೆ ಜಗತ್ತಿನ ರಾಜಕೀಯ ಒಂದು ದಿನವೂ ನಡೆಯುವುದಿಲ್ಲ ಎಂದು ಅವರು ವಾದಿಸಿದರು. ಹತ್ತು ವರ್ಷಗಳ ನಂತರ ಜುಟ್ಟಾ ವೆಲ್ಡ್ಸ್ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನೂ ಅಮೆರಿಕದ ವಿದೇಶಾಂಗ ನೀತಿಯನ್ನೂ ಪಕ್ಕಪಕ್ಕ ಇಟ್ಟು ಓದಿದರು. ಸರ್ಕಾರವೊಂದು ಬೇರೆ ದೇಶದ ವ್ಯವಹಾರದಲ್ಲಿ ಕೈಹಾಕಿದಾಗ ಅದು ಸಹಜವೆಂದು ಜನರಿಗೆ ತೋರಬೇಕಾದರೆ ಅವರ ಮನಸ್ಸು ಅದಕ್ಕೆ ಮೊದಲೇ ಹದಗೊಂಡಿರಬೇಕು, ಆ ಹದ ಬರುವುದು ಮನೆಯ ಟಿವಿಯಿಂದಲೂ ಹೌದು ಎಂಬುದು ಅವರ ವಾದದ ತಿರುಳು. ಅಲ್ಲಿಂದೀಚೆಗೆ ಜನಪ್ರಿಯ ಸಂಸ್ಕೃತಿ ಮತ್ತು ಜಾಗತಿಕ ರಾಜಕೀಯ ಎಂಬುದು ಗಂಭೀರ ಅಧ್ಯಯನದ ವಿಷಯವಾಗಿ ಬೆಳೆದಿದೆ.

ಧಾರಾವಾಹಿಯ ಶಕ್ತಿ ಅದರ ಕಾಲದಲ್ಲಿದೆ. ಸಿನಿಮಾಕ್ಕೆ ಸಿಗುವುದು ಎರಡು ಎರಡೂವರೆ ಗಂಟೆ. ಅಷ್ಟರಲ್ಲಿ ಒಬ್ಬ ನಾಯಕ, ಒಂದು ಸಂಕಟ, ಒಂದು ಮುಕ್ತಾಯ ಬೇಕು. ಧಾರಾವಾಹಿ ವಾರಗಟ್ಟಲೆ, ವರ್ಷಗಟ್ಟಲೆ ನಡೆಯುತ್ತದೆ. ಅದೇ ಕಚೇರಿ, ಅದೇ ಮೇಜು, ಅದೇ ಮೇಲಧಿಕಾರಿ, ಮತ್ತೆ ಸೋಮವಾರ. ಕೆಲಸದ ಸ್ವಭಾವವೂ ಇದೇ. ಒಂದು ಸಂಸ್ಥೆ ಹೇಗೆ ಮೆಲ್ಲಗೆ ಕೆಡುತ್ತದೆ, ಒಳ್ಳೆಯ ಮನುಷ್ಯನೊಬ್ಬ ಅದರೊಳಗೆ ಹೇಗೆ ದಿನಕ್ಕೊಂದು ರಾಜಿ ಮಾಡಿಕೊಳ್ಳುತ್ತಾನೆ ಎಂಬುದನ್ನು ತೋರಿಸಲು ಈ ದೀರ್ಘಕಾಲ ಬೇಕೇ ಬೇಕು.

ಬಂದರು, ಡಾಂಬರು, ಒಂದು ಮೂಟೆ ಅಕ್ಕಿ

ಈ ಮಾತಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ‘ದಿ ವೈರ್’. ಎಚ್‌ಬಿಒ ವಾಹಿನಿಯಲ್ಲಿ 2002ರಿಂದ 2008ರವರೆಗೆ ಐದು ಸೀಸನ್‌ಗಳಲ್ಲಿ ಬಂದ ಇದರ ಕಥೆ ಅಮೆರಿಕದ ಬಾಲ್ಟಿಮೋರ್ ನಗರದ್ದು. ಇದನ್ನು ರೂಪಿಸಿದ ಡೇವಿಡ್ ಸೈಮನ್ ಆ ಊರಿನ ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು. ಜೊತೆಗಾರ ಎಡ್ ಬರ್ನ್ಸ್ ಮೊದಲು ಪೊಲೀಸ್ ಪತ್ತೇದಾರ, ಆಮೇಲೆ ಶಾಲಾ ಮೇಷ್ಟ್ರು. ತಾವು ದುಡಿದ ಜಾಗಗಳನ್ನೇ ಅವರು ಬರೆದರು. ಪೊಲೀಸರು, ಮಾದಕವಸ್ತು ಮಾರುವ ಹುಡುಗರು, ಬಂದರು, ನಗರಾಡಳಿತ, ಶಾಲೆ, ಪತ್ರಿಕೆ ಹೀಗೆ ಒಂದೊಂದು ಸೀಸನ್ ಒಂದೊಂದು ಕೆಲಸದ ಲೋಕವನ್ನು ತೆರೆಯುತ್ತದೆ. ಅಪರಾಧ ಕಡಿಮೆಯಾಗಿದೆ ಎಂದು ತೋರಿಸಲು ಪೊಲೀಸರು ಅಂಕಿಅಂಶ ತಿದ್ದುತ್ತಾರೆ. ಶಾಲೆಯಲ್ಲಿ ಮಕ್ಕಳು ಕಲಿಯದಿದ್ದರೂ ಪರೀಕ್ಷೆಯ ಅಂಕ ಏರಬೇಕು. ಎರಡೂ ಒಂದೇ ರೋಗ ಎಂಬುದು ಮೇಷ್ಟ್ರಾದ ಮಾಜಿ ಪೊಲೀಸ್ ಪಾತ್ರವೊಂದಕ್ಕೆ ಹೊಳೆಯುವ ಕ್ಷಣ ನಾಲ್ಕನೇ ಸೀಸನ್‌ನಲ್ಲಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ ನಗರದ ಬಡತನದ ಬಗ್ಗೆ ಪಾಠ ಮಾಡಲು ಈ ಧಾರಾವಾಹಿಯನ್ನೇ ಆಯ್ದುಕೊಂಡರು.

ನಮ್ಮ ಪ್ರಶ್ನೆಗೆ ಮುಖ್ಯವಾದದ್ದು 2003ರ ಎರಡನೇ ಸೀಸನ್. ಅದರ ಕೇಂದ್ರ ಬಂದರು. ಹಡಗಿನಿಂದ ಸರಕು ಇಳಿಸುವವರ ಯೂನಿಯನ್ನಿನ ಮುಖಂಡ ಫ್ರ್ಯಾಂಕ್ ಸೊಬೊಟ್ಕಾ. ಹಡಗುಗಳು ಕಡಿಮೆಯಾಗಿವೆ, ಇರುವ ಕೆಲಸ ಹಿರಿತನದ ಮೇಲೆ ಹಂಚಿಹೋಗಿ ಹುಡುಗರಿಗೆ ವಾರಕ್ಕೆ ಒಂದೆರಡು ದಿನ ದುಡಿಮೆ ಸಿಕ್ಕರೆ ಹೆಚ್ಚು. ಕಾಲುವೆಯ ಹೂಳೆತ್ತಿಸಿದರೆ, ಧಾನ್ಯದ ಹಳೇ ಧಕ್ಕೆಯನ್ನು ಮತ್ತೆ ಕಟ್ಟಿಸಿದರೆ ಹಡಗುಗಳು ಬರುತ್ತವೆ ಎಂಬುದು ಅವನ ಆಸೆ. ರಾಜಕಾರಣಿಗಳ ಹಿಂದೆ ಬೀಳಲು ದುಡ್ಡು ಬೇಕು. ಅದಕ್ಕಾಗಿ ಕೆಲವು ಕಂಟೈನರ್‌ಗಳು ಲೆಕ್ಕಕ್ಕೆ ಸಿಗದಂತೆ ಹೊರಹೋಗಲು ಕಳ್ಳಸಾಗಣೆದಾರರಿಗೆ ದಾರಿ ಮಾಡಿಕೊಡುತ್ತಾನೆ. ಒಂದು ದಿನ ಅಂಥದ್ದೊಂದು ಕಂಟೈನರಿನಲ್ಲಿ ಉಸಿರುಕಟ್ಟಿ ಸತ್ತ ಹೆಂಗಸರ ಹೆಣಗಳು ಸಿಗುತ್ತವೆ. ಪರದೇಶದಿಂದ ಸಾಗಿಸಿ ತಂದವರು ಅವರು.

1956ರಲ್ಲಿ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಉದ್ಯಮಿ ಮೊದಲ ಕಂಟೈನರ್ ಹಡಗನ್ನು ಹೊರಡಿಸಿದಾಗ ಆರಂಭವಾದ ಬದಲಾವಣೆಯ ಪೂರ್ತಿ ಬೆಲೆ ಈ ಒಂದು ದೃಶ್ಯದಲ್ಲಿದೆ. ಅದೇ ಉಕ್ಕಿನ ಪೆಟ್ಟಿಗೆ ಬಾಲ್ಟಿಮೋರ್ ಹಮಾಲರ ಕೆಲಸ ಕಿತ್ತುಕೊಂಡಿತು, ಅದೇ ಪೆಟ್ಟಿಗೆ ಬಡದೇಶದ ಹೆಣ್ಣುಮಕ್ಕಳನ್ನು ಸರಕಾಗಿಸಿತು. ಇನ್ನೊಂದು ಕಂತಿನಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಯಂತ್ರಗಳೇ ಸರಕು ಸಾಗಿಸುವ ವಿಡಿಯೊವನ್ನು ಸೊಬೊಟ್ಕಾಗೆ ತೋರಿಸಲಾಗುತ್ತದೆ. ಎಲ್ಲರೂ ಮೆಚ್ಚಿ ನೋಡುವಾಗ ಅವನೊಬ್ಬನ ಮುಖ ಮಾತ್ರ ಕಳೆಗುಂದುತ್ತದೆ. ಜಾಗತೀಕರಣದ ಬಗ್ಗೆ ಬಂದ ಎಷ್ಟೋ ಚರ್ಚಾಗೋಷ್ಠಿಗಳು ಹೇಳಲಾರದ್ದನ್ನು ಆ ಮುಖ ಹೇಳುತ್ತದೆ. ಕೊನೆಗೆ ಧಾನ್ಯದ ಧಕ್ಕೆಯ ಜಾಗದಲ್ಲಿ ಏಳುವುದು ಶ್ರೀಮಂತರ ಅಪಾರ್ಟ್‌ಮೆಂಟು.

ಇದಕ್ಕೆ ಇಪ್ಪತ್ತು ವರ್ಷ ಮೊದಲೇ ಬ್ರಿಟನ್ನಿನಲ್ಲಿ ಬಿಬಿಸಿ ‘ಬಾಯ್ಸ್ ಫ್ರಮ್ ದ ಬ್ಲ್ಯಾಕ್‌ಸ್ಟಫ್’ ತೋರಿಸಿತ್ತು. 1982ರ ಕಾಲ. ದೇಶದಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಲಿವರ್‌ಪೂಲ್‌ನಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದ ಐದಾರು ಜನ ಕೆಲಸ ಕಳೆದುಕೊಂಡ ಮೇಲಿನ ಕಥೆಯನ್ನು ಅಲನ್ ಬ್ಲೀಸ್‌ಡೇಲ್ ಬರೆದರು. ಯೋಸರ್ ಹ್ಯೂಸ್ ಎಂಬಾತ ಕಂಡಕಂಡವರನ್ನೆಲ್ಲ ಕೆಲಸ ಕೊಡಿ ಎಂದು ಕೇಳುತ್ತಾನೆ. ಯಾರು ಏನು ಮಾಡುತ್ತಿದ್ದರೂ ಅದನ್ನು ತಾನೂ ಮಾಡಬಲ್ಲೆ ಅನ್ನುತ್ತಾನೆ. ಅವನ ಆ ಮಾತು ಫುಟ್‌ಬಾಲ್ ಮೈದಾನದ ಗುಂಪುಗಳ ಬಾಯಿಗೂ ಬಂತು. ಥ್ಯಾಚರ್ ಕಾಲದ ಆರ್ಥಿಕ ನೀತಿ ಅಂದರೆ ಏನು ಎಂಬುದನ್ನು ಬ್ರಿಟನ್ನಿನ ಒಂದು ತಲೆಮಾರು ಯೋಸರ್‌ನ ಕುಸಿತದಲ್ಲಿ ಕಂಡಿತು.

ಜಪಾನಿನ ‘ಓಶಿನ್’ ಕಥೆ ಇನ್ನೂ ದೂರ ಹೋಯಿತು. ಎನ್‌ಎಚ್‌ಕೆ 1983-84ರಲ್ಲಿ ಬೆಳಗಿನ ಹೊತ್ತು ತೋರಿಸಿದ 297 ಕಂತುಗಳ ಈ ಧಾರಾವಾಹಿಯನ್ನು ಬರೆದವರು ಸುಗಾಕೊ ಹಾಶಿದಾ. ಯಾಮಾಗಾತಾ ಪ್ರಾಂತದ ಬಡ ಗೇಣಿದಾರನ ಮಗಳು ಓಶಿನ್‌ಳನ್ನು ಒಂದು ಮೂಟೆ ಅಕ್ಕಿಗೆ ಬದಲಾಗಿ ಏಳನೇ ವಯಸ್ಸಿನಲ್ಲೇ ಜೀತಕ್ಕೆ ಕಳಿಸುತ್ತಾರೆ. ಹಿಮದಲ್ಲಿ ನಡೆಯುತ್ತಾ, ಬೆನ್ನಿಗೆ ಧಣಿಯ ಮಗು ಕಟ್ಟಿಕೊಂಡು ಬಟ್ಟೆ ಒಗೆಯುತ್ತಾ ಬೆಳೆದ ಅವಳು ಮುಂದೆ ಅಂಗಡಿಗಳ ಒಡತಿಯಾಗುತ್ತಾಳೆ. ನಡುವೆ ಯುದ್ಧ ಬರುತ್ತದೆ. ಸೈನ್ಯಕ್ಕೆ ಸರಕು ಪೂರೈಸಿ ಏಳಿಗೆ ಕಂಡ ಅವಳ ಗಂಡ ಸೋಲಿನ ನಂತರ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಮಗ ರಣರಂಗದಲ್ಲಿ ಸಾಯುತ್ತಾನೆ. ಸಾಮ್ರಾಜ್ಯದ ಯುದ್ಧವು ಒಂದು ಅಂಗಡಿಯ ಲೆಕ್ಕಪುಸ್ತಕದ ಮೂಲಕ ಮನೆಯೊಳಗೆ ಬಂದದ್ದನ್ನು ಇಷ್ಟು ಸರಳವಾಗಿ ತೋರಿಸಿದ್ದು ಅಪರೂಪ.

ಜಪಾನಿನಲ್ಲಿ ಇದನ್ನು ಸರಾಸರಿ ಅರ್ಧಕ್ಕಿಂತ ಹೆಚ್ಚು ಮನೆಗಳು ನೋಡಿದವು. ಆಮೇಲೆ ಅರವತ್ತಕ್ಕೂ ಹೆಚ್ಚು ದೇಶಗಳಿಗೆ ಹೋಯಿತು. ಇರಾಕಿನ ಜೊತೆ ಯುದ್ಧದಲ್ಲಿ ಬೇಯುತ್ತಿದ್ದ ಇರಾನಿನಲ್ಲಿ ಓಶಿನ್ ಮನೆಮಗಳಾದಳು. ಅವಳ ಮನೆತನದ ಹೆಸರು ತಾನೊಕುರಾ. ಅಲ್ಲಿ ಹಳೇ ಬಟ್ಟೆ ಮಾರುವ ಅಂಗಡಿಗಳನ್ನು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. 1989ರಲ್ಲಿ ಇರಾನಿನ ರೇಡಿಯೊದಲ್ಲಿ ಹೆಂಗಸೊಬ್ಬಳು ತನಗೆ ಓಶಿನ್‌ಳೇ ಆದರ್ಶ ಎಂದದ್ದು ಅಯಾತೊಲ್ಲಾ ಖೊಮೇನಿಯ ಕೋಪಕ್ಕೆ ಕಾರಣವಾಗಿ ರೇಡಿಯೊ ಸಿಬ್ಬಂದಿ ಶಿಕ್ಷೆಗೆ ಗುರಿಯಾದರು. ದುಡಿಯುವ ಹೆಣ್ಣಿನ ಕಥೆಯೊಂದು ಗಡಿ ದಾಟಿ ಇನ್ನೊಂದು ದೇಶದ ಅಧಿಕಾರವನ್ನೇ ಕೆರಳಿಸಿತು.

2021ರ ‘ಸ್ಕ್ವಿಡ್ ಗೇಮ್’ ಈ ಸಾಲಿನ ಈಚಿನ ಕೊಂಡಿ. ಸಾಲದಲ್ಲಿ ಮುಳುಗಿದ 456 ಜನ ಬಹುಮಾನದ ಆಸೆಗೆ ಸಾವಿನ ಆಟವಾಡುವ ಕೊರಿಯಾದ ಕಥೆ ಎಂದಷ್ಟೇ ಅದನ್ನು ನೆನಪಿಟ್ಟುಕೊಂಡವರು ಬಹಳ. ಆದರೆ ನಾಯಕ ಗಿ-ಹುನ್ ಕಾರು ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವನು. ಮುಷ್ಕರದಲ್ಲಿ ಪಕ್ಕದಲ್ಲಿದ್ದ ಗೆಳೆಯ ಸತ್ತದ್ದು ಅವನನ್ನು ಕಾಡುತ್ತದೆ. ನಿರ್ದೇಶಕ ಹ್ವಾಂಗ್ ಡಾಂಗ್-ಹ್ಯೂಕ್ ಇದಕ್ಕೆ ಪ್ಯಾಂಗ್‌ಟೇಕ್‌ನಲ್ಲಿ 2009ರಲ್ಲಿ 77 ದಿನ ನಡೆದ ಸಾಂಗ್‌ಯಾಂಗ್ ಮೋಟರ್ ಕಾರ್ಮಿಕರ ಹೋರಾಟ ಹಿನ್ನೆಲೆ ಎಂದು ಹೇಳಿದ್ದಾರೆ. ಸಂಬಳ ಸಿಗದೆ ಪರದಾಡುವ ಪಾಕಿಸ್ತಾನಿ ವಲಸೆ ಕಾರ್ಮಿಕ ಅಲಿಯ ಪಾತ್ರ ಮಾಡಿದ್ದು ದೆಹಲಿಯ ನಟ ಅನುಪಮ್ ತ್ರಿಪಾಠಿ. ಆ ವರ್ಷದ ಅಕ್ಟೋಬರ್‌ನಲ್ಲಿ ಕೊರಿಯಾದ ಕಾರ್ಮಿಕ ಸಂಘಟನೆಗಳು ಮುಷ್ಕರ ಹೂಡಿದಾಗ ಕೆಲವರು ಅದೇ ಧಾರಾವಾಹಿಯ ವೇಷ ತೊಟ್ಟು ಬೀದಿಗಿಳಿದರು.

ಅಧಿಕಾರದ ಕೋಣೆಯೂ ಒಂದು ಕಚೇರಿ

ರಾಜಕಾರಣಿಗಳ ಬಗ್ಗೆ ಬಂದ ಧಾರಾವಾಹಿಗಳಲ್ಲೂ ಬಾಳಿಕೆ ಬಂದವು ಅಧಿಕಾರವನ್ನು ಕೆಲಸವೆಂದು ತೋರಿಸಿದವೇ. ಬಿಬಿಸಿಯ ‘ಯೆಸ್ ಮಿನಿಸ್ಟರ್’ 1980ರಲ್ಲಿ ಶುರುವಾಯಿತು. ಮಂತ್ರಿ ಜಿಮ್ ಹ್ಯಾಕರ್, ಕಾರ್ಯದರ್ಶಿ ಸರ್ ಹಂಫ್ರಿ, ಒಂದು ಕಡತ, ಒಂದು ಟಿಪ್ಪಣಿ. ಬೇರೇನೂ ಬೇಕಿಲ್ಲ. ಆಡಳಿತ ಸಿಬ್ಬಂದಿ ತುಂಬಿ ತುಳುಕುವ, ರೋಗಿಗಳೇ ಇಲ್ಲದ ಆಸ್ಪತ್ರೆಯ ಕಂತು ನೆನಪಿರುವವರಿಗೆ ಸರ್ಕಾರ ಹೇಗೆ ತನಗಾಗಿಯೇ ದುಡಿಯಬಲ್ಲದು ಎಂಬುದನ್ನು ಮತ್ತೆ ವಿವರಿಸಬೇಕಿಲ್ಲ. 2001ರಲ್ಲಿ ಫಾರೂಕ್ ಶೇಖ್ ಅಭಿನಯದಲ್ಲಿ ಇದು ‘ಜಿ ಮಂತ್ರೀಜಿ’ ಆಗಿ ಹಿಂದಿಗೂ ಬಂತು.

ಡೆನ್ಮಾರ್ಕಿನ ‘ಬೋರ್ಗನ್’ 2010ರಲ್ಲಿ ಮಹಿಳಾ ಪ್ರಧಾನಿಯೊಬ್ಬಳನ್ನು ಕಲ್ಪಿಸಿಕೊಂಡಿತು. ಮರುವರ್ಷವೇ ಹೆಲೆ ಥಾರ್ನಿಂಗ್-ಸ್ಮಿತ್ ಆ ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಧಾರಾವಾಹಿಯ ಬಿರ್ಗಿಟ್ ನ್ಯೂಬೋರ್ಗ್ ದೇಶ ಆಳುವುದರ ಜೊತೆಗೆ ಮನೆ ನೋಡಿಕೊಳ್ಳಬೇಕು. ಮಗಳ ಅಸ್ವಸ್ಥತೆ, ಮುರಿಯುತ್ತಿರುವ ದಾಂಪತ್ಯ, ಸಮ್ಮಿಶ್ರ ಸರ್ಕಾರದ ಲೆಕ್ಕಾಚಾರ ಎಲ್ಲವೂ ಒಂದೇ ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಹಿಡಿಯಬೇಕು. 2022ರಲ್ಲಿ ಮರಳಿ ಬಂದಾಗ ಕಥೆ ಗ್ರೀನ್‌ಲ್ಯಾಂಡಿಗೆ ಹೋಗಿತ್ತು. ಅಲ್ಲಿ ತೈಲ ಸಿಕ್ಕ ಕೂಡಲೇ ಅಮೆರಿಕ, ರಷ್ಯಾ, ಚೀನಾಗಳ ಕಣ್ಣು ಬೀಳುತ್ತದೆ, ಪರಿಸರದ ಮಾತು ಆಡಿದ, ಈಗ ವಿದೇಶಾಂಗ ಸಚಿವೆಯಾಗಿರುವ ಬಿರ್ಗಿಟ್ಟೇ ನಿಲುವು ಬದಲಿಸುತ್ತಾಳೆ. 2025ರಲ್ಲಿ ಅಮೆರಿಕದ ಅಧ್ಯಕ್ಷರು ಗ್ರೀನ್‌ಲ್ಯಾಂಡ್ ತಮಗೆ ಬೇಕೆಂದು ಮತ್ತೆ ಮತ್ತೆ ಹೇಳಿದಾಗ ‘ಬೋರ್ಗನ್’ ನೋಡಿದ್ದವರಿಗೆ ಆ ಬಿಕ್ಕಟ್ಟಿನ ನಕ್ಷೆ ಪರಿಚಿತವಾಗಿತ್ತು.

ಉಕ್ರೇನಿನ ‘ಜನಸೇವಕ’ ಧಾರಾವಾಹಿಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 2015ರಲ್ಲಿ ಶುರುವಾದ ಇದರಲ್ಲಿ ಭ್ರಷ್ಟಾಚಾರದ ವಿರುದ್ಧ ಸಿಡಿದೆದ್ದು ಮಾತಾಡಿದ ಇತಿಹಾಸದ ಮೇಷ್ಟ್ರು ಅನಿರೀಕ್ಷಿತವಾಗಿ ಅಧ್ಯಕ್ಷನಾಗುತ್ತಾನೆ. ಆ ಪಾತ್ರ ಮಾಡಿದ ವೊಲೊದಿಮಿರ್ ಝೆಲೆನ್‌ಸ್ಕಿ ಅದೇ ಹೆಸರಿನ ಪಕ್ಷದಿಂದ 2019ರಲ್ಲಿ ಶೇ 73 ಮತ ಪಡೆದು ನಿಜವಾಗಿ ಅಧ್ಯಕ್ಷರಾದರು. ಟಿವಿಯ ಬಲಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಆದರೂ ಇಲ್ಲಿ ನಿಂತು ಯೋಚಿಸಬೇಕು. ಒಬ್ಬ ಪ್ರಾಮಾಣಿಕ ಮನುಷ್ಯ ಕುರ್ಚಿ ಹಿಡಿದರೆ ದೇಶ ಸರಿಹೋಗುತ್ತದೆ ಎಂಬ ಕನಸನ್ನು ಆ ಧಾರಾವಾಹಿ ಕೊಟ್ಟಿತು. ಅದು ಪ್ರಸಾರವಾದ ವಾಹಿನಿ ಒಬ್ಬ ಭಾರೀ ಉದ್ಯಮಿಯದು. ಧಾರಾವಾಹಿ ಬೈದದ್ದು ಅಂಥ ಉದ್ಯಮಿಗಳನ್ನೇ. ಒಬ್ಬ ಒಳ್ಳೆಯವನ ಕಥೆ ಜನರ ಮನಸ್ಸನ್ನು ಬೇಗ ಗೆಲ್ಲುತ್ತದೆ. ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ ಅದರಿಂದ ಸಿಗುವುದು ಕಡಿಮೆ.

ಸುಳ್ಳು ಕೆಲಸದಿಂದ ಸುಳ್ಳು ರಾಜಕೀಯ

2001ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನ ಅವಳಿ ಕಟ್ಟಡಗಳು ಉರುಳಿದ ಎರಡೇ ತಿಂಗಳಿಗೆ, ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ‘24’ ಶುರುವಾಯಿತು. ಗಡಿಯಾರ ಓಡುತ್ತಿದೆ, ಬಾಂಬು ಎಲ್ಲಿದೆ ಗೊತ್ತಿಲ್ಲ, ಜ್ಯಾಕ್ ಬಾವರ್ ಶಂಕಿತನಿಗೆ ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸುತ್ತಾನೆ. ಹೆಚ್ಚುಕಡಿಮೆ ಪ್ರತಿ ಸಲವೂ ಇದು ಫಲಿಸುತ್ತದೆ. 2006ರ ನವೆಂಬರ್‌ನಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಡೀನ್, ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್, ಅನುಭವಿ ವಿಚಾರಣಾಧಿಕಾರಿಗಳನ್ನು ಕರೆದುಕೊಂಡು ಧಾರಾವಾಹಿಯ ನಿರ್ಮಾಪಕರನ್ನು ಭೇಟಿಯಾದರು. ಚಿತ್ರಹಿಂಸೆಯ ದೃಶ್ಯಗಳಿಂದ ತರುಣ ಸೈನಿಕರ ಮನಸ್ಸು ಕೆಡುತ್ತಿದೆ, ದಯವಿಟ್ಟು ಬದಲಿಸಿ ಎಂದು ಕೇಳಿಕೊಂಡರು.

ಇಲ್ಲಿ ಗಮನಿಸಬೇಕಾದದ್ದು ಆ ವಿಚಾರಣಾಧಿಕಾರಿಗಳ ಕಸುಬಿನ ತಿಳಿವಳಿಕೆ. ವಿಚಾರಣೆ ಎಂಬುದು ತಾಳ್ಮೆಯ ಕೆಲಸ. ಭಾಷೆ ಗೊತ್ತಿರಬೇಕು, ಎದುರಿಗಿರುವವನ ನಂಬಿಕೆ ಗಳಿಸಬೇಕು, ವಾರಗಟ್ಟಲೆ ಮಾತಾಡಬೇಕು, ಹೇಳಿದ್ದನ್ನು ತಾಳೆ ನೋಡಬೇಕು. ‘24’ ಈ ಕೆಲಸವನ್ನು ಅಳಿಸಿಹಾಕಿ ಅದರ ಜಾಗದಲ್ಲಿ ಹೊಡೆತವನ್ನು ಕೂರಿಸಿತು. ಚಿತ್ರಹಿಂಸೆ ಅನಿವಾರ್ಯ ಎಂಬ ರಾಜಕೀಯ ಸುಳ್ಳಿಗೆ ಬೇರು ಒದಗಿಸಿದ್ದು ಕಸುಬಿನ ಬಗ್ಗೆ ಹೇಳಿದ ಈ ಸುಳ್ಳು. ಗ್ವಾಂಟನಾಮೊ, ಅಬು ಘ್ರೈಬ್ ಸೆರೆಮನೆಗಳ ಕಾಲದಲ್ಲಿ ಇದು ಮನರಂಜನೆಯಾಗಿ ಮಾತ್ರ ಉಳಿಯಲಿಲ್ಲ.

ಅಮೆರಿಕದ್ದೇ ಆದ ‘ಹೋಮ್‌ಲ್ಯಾಂಡ್’ ಧಾರಾವಾಹಿಯ ಪ್ರಸಂಗವೂ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. 2015ರಲ್ಲಿ ಬರ್ಲಿನ್‌ನಲ್ಲಿ ಸಿರಿಯಾ ನಿರಾಶ್ರಿತರ ಶಿಬಿರದ ಸೆಟ್ ಹಾಕಿದರು. ಗೋಡೆಗಳ ಮೇಲೆ ಅರಬ್ಬಿ ಬರಹ ಬೇಕೆಂದು ಕೆಲವು ಕಲಾವಿದರನ್ನು ಕರೆಸಿದರು. ಅವರು ಅರಬ್ಬಿಯಲ್ಲಿ ‘ಹೋಮ್‌ಲ್ಯಾಂಡ್ ಜನಾಂಗದ್ವೇಷಿ’ ಎಂಬ ಅರ್ಥದ ಮಾತನ್ನೇ ಬರೆದರು. ಅದು ಹಾಗೆಯೇ ಪ್ರಸಾರವಾಯಿತು. ಪಶ್ಚಿಮ ಏಷ್ಯಾದ ಬಗ್ಗೆ ಇಡೀ ಜಗತ್ತಿಗೆ ಕಥೆ ಹೇಳುತ್ತಿದ್ದ ತಂಡದಲ್ಲಿ ಆ ಗೋಡೆಬರಹವನ್ನು ಓದಿ ತಡೆಯುವವರು ಒಬ್ಬರೂ ಇರಲಿಲ್ಲ. ಯಾರ ಬಗ್ಗೆ ಕಥೆ ಹೇಳುತ್ತಾರೋ ಅವರ ಭಾಷೆ ಕೇವಲ ಹಿನ್ನೆಲೆಯ ಅಲಂಕಾರವಾಗಿತ್ತು.

ಇದಕ್ಕೆ ಪ್ರತಿಯಾಗಿ 2019ರ ‘ಚೆರ್ನೊಬಿಲ್’ ಇದೆ. ಸೋವಿಯತ್ ಅಣುಸ್ಥಾವರ ದುರಂತದ ಐದೇ ಕಂತುಗಳ ಈ ಕಥೆಯಲ್ಲಿ ಕಲ್ಪಿತ ಪಾತ್ರವಿದೆ, ಇತಿಹಾಸದಿಂದ ದೂರ ಸರಿದ ಜಾಗಗಳೂ ಇವೆ. ವಿಜ್ಞಾನಿ ಲೆಗಾಸೊವ್ ನಿಜದಲ್ಲಿ ದುರಂತದ ವಿಚಾರಣೆ ನಡೆದ ನ್ಯಾಯಾಲಯದಲ್ಲಿ ಇರಲಿಲ್ಲ. ಆದರೂ ಅದು ಮನಸ್ಸಿನಲ್ಲಿ ನಿಲ್ಲುವುದು ದುಡಿದವರಿಂದ. ರಾತ್ರಿ ಪಾಳಿಯ ಆಪರೇಟರುಗಳು, ಕೈಯಲ್ಲೇ ಗ್ರ್ಯಾಫೈಟ್ ಎತ್ತಿದ ಅಗ್ನಿಶಾಮಕ ಸಿಬ್ಬಂದಿ, ಸೆಖೆಗೆ ಬಟ್ಟೆ ಕಳಚಿ ಸುರಂಗ ತೋಡಿದ ತುಲಾದ ಗಣಿಕಾರ್ಮಿಕರು, ಯಂತ್ರಗಳೇ ಕೆಟ್ಟುನಿಂತ ಛಾವಣಿಯ ಮೇಲೆ ಒಬ್ಬೊಬ್ಬರಿಗೆ 90 ಸೆಕೆಂಡಿನಂತೆ ಸಲಿಕೆ ಹಿಡಿದು ಓಡಿದ ಸೈನಿಕರು. ಸೋವಿಯತ್ ವ್ಯವಸ್ಥೆಯ ಸುಳ್ಳು ಯಾರ ಮೈಮೇಲೆ ಬಂದು ಬಿತ್ತು ಎಂಬುದು ಇವರಲ್ಲಿ ಕಾಣುತ್ತದೆ.

ಆಕಾಶನೌಕೆಯಲ್ಲೊಂದು ಮುಷ್ಕರ

ಕಲ್ಪನಾಲೋಕದ ಧಾರಾವಾಹಿಗಳಿಗೆ ಒಂದು ಅನುಕೂಲವಿದೆ. ನೇರವಾಗಿ ಹೇಳಿದರೆ ವಾಹಿನಿ ಹೆದರುವ ಮಾತನ್ನು ಬೇರೆ ಗ್ರಹಕ್ಕೆ ಸಾಗಿಸಿ ಹೇಳಬಹುದು. ‘ಸ್ಟಾರ್ ಟ್ರೆಕ್’ 1966ರಲ್ಲಿ, ಶೀತಲ ಸಮರದ ನಡುವೆ, ಆಫ್ರಿಕನ್ ಮೂಲದ ಹೆಣ್ಣು, ಏಷ್ಯನ್ ಮೂಲದ ಚಾಲಕ, ಮುಂದೆ ಒಬ್ಬ ರಷ್ಯನ್ ಇವರನ್ನೆಲ್ಲ ಒಂದೇ ನೌಕೆಯಲ್ಲಿ ಕೂರಿಸಿತು. ಅದು ದೊಡ್ಡ ಧೈರ್ಯ. ಆದರೆ ಆ ನೌಕೆಯ ನೆಲ ಒರೆಸುವವರು ಯಾರು ಎಂಬುದನ್ನು ಅದು ತೋರಿಸಲಿಲ್ಲ.

ಆ ಪ್ರಶ್ನೆಯನ್ನು ಎತ್ತಿಕೊಂಡದ್ದು 2004ರಲ್ಲಿ ಶುರುವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’. ಯಂತ್ರಮಾನವರ ದಾಳಿಯಲ್ಲಿ ಅಳಿದುಳಿದ ಮನುಷ್ಯಕುಲ ಕೆಲವು ನೌಕೆಗಳಲ್ಲಿ ಅಲೆಯುತ್ತಿದೆ. ಮೂರನೇ ಸೀಸನ್‌ನಲ್ಲಿ ಮನುಷ್ಯರೇ ಪರರ ಆಕ್ರಮಣದಡಿ ಬದುಕುತ್ತಾ ಆತ್ಮಾಹುತಿ ದಾಳಿಗೆ ಇಳಿಯುತ್ತಾರೆ. ಇರಾಕ್ ಯುದ್ಧ ನಡೆಯುತ್ತಿದ್ದಾಗ ಅಮೆರಿಕದ ನೋಡುಗರನ್ನು ಆಕ್ರಮಿತರ ಜಾಗದಲ್ಲಿ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಅದೇ ಸೀಸನ್‌ನ ಇನ್ನೊಂದು ಕಂತಿನಲ್ಲಿ ಇಂಧನ ಸಂಸ್ಕರಿಸುವ ನೌಕೆಯ ಕಾರ್ಮಿಕರು ಕೆಲಸ ನಿಲ್ಲಿಸುತ್ತಾರೆ. ರಜೆಯಿಲ್ಲ, ಬದಲಿ ಕಾರ್ಮಿಕರಿಲ್ಲ, ಅಪ್ಪನ ಕೆಲಸ ಮಗನಿಗೆ ಕಟ್ಟಿಟ್ಟದ್ದು. ಬಡ ಗ್ರಹದಲ್ಲಿ ಹುಟ್ಟಿದವರಿಗೆ ಕೊಳೆ ಕೆಲಸ, ಸಿರಿವಂತ ಗ್ರಹದವರಿಗೆ ಅಧಿಕಾರ. ಜಾತಿಯ ಮೇಲೆ ಕೆಲಸ ಹಂಚಿದ ನಾಡಿನಲ್ಲಿ ಹುಟ್ಟಿದ ನಮಗೆ ಈ ಕಂತು ಬೇರೆ ಯಾರಿಗಿಂತಲೂ ಬೇಗ ಅರ್ಥವಾಗುತ್ತದೆ. ಯುದ್ಧದ ಹೊತ್ತಿನಲ್ಲಿ ಮುಷ್ಕರ ಮಾಡುವುದು ದ್ರೋಹವೇ, ದೇಶರಕ್ಷಣೆಯ ಹೆಸರಿನಲ್ಲಿ ಯಾರನ್ನು ಎಷ್ಟು ದುಡಿಸಬಹುದು ಎಂದು ಅದು ಕೇಳುತ್ತದೆ. 2009ರ ಮಾರ್ಚ್‌ನಲ್ಲಿ ಈ ಧಾರಾವಾಹಿಯ ತಂಡವನ್ನು ವಿಶ್ವಸಂಸ್ಥೆ ತನ್ನ ನ್ಯೂಯಾರ್ಕ್ ಕಚೇರಿಗೆ ಕರೆಸಿ ಮಾನವ ಹಕ್ಕು, ಭಯೋತ್ಪಾದನೆಗಳ ಬಗ್ಗೆ ಚರ್ಚೆ ನಡೆಸಿತು.

ಹದಿಹರೆಯದವರ ಧಾರಾವಾಹಿ ಎಂದು ತಳ್ಳಿಹಾಕಿದ್ದ ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಕೂಡ ಇಂಥದ್ದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಪಿಶಾಚಿಗಳಿಂದ ಜಗತ್ತನ್ನು ಕಾಯುವ ಹುಡುಗಿಗೆ ಆ ಕೆಲಸಕ್ಕೆ ಸಂಬಳವಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆ ನಡೆಸಲು ಅವಳು ಬರ್ಗರ್ ಅಂಗಡಿಯಲ್ಲಿ ಟೋಪಿ ಹಾಕಿಕೊಂಡು ನಿಲ್ಲಬೇಕಾಗುತ್ತದೆ. ಲೋಕವನ್ನು ಉಳಿಸುವ ಕೆಲಸಕ್ಕೆ ಕೂಲಿ ಯಾಕಿಲ್ಲ ಎಂಬ ಪ್ರಶ್ನೆ ಅಡುಗೆಮನೆಯ, ಬಾಣಂತನದ, ರೋಗಿಶುಶ್ರೂಷೆಯ ಎಲ್ಲ ಹೆಂಗಸರದ್ದು.

ಪರದೆಯಿಂದ ಪಾರ್ಲಿಮೆಂಟಿಗೆ

2024ರ ಜನವರಿಯ ಮೊದಲ ವಾರ ಬ್ರಿಟನ್ನಿನ ಐಟಿವಿ ‘ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್’ ಎಂಬ ನಾಲ್ಕು ಕಂತಿನ ಧಾರಾವಾಹಿ ತೋರಿಸಿತು. ಊರೂರಲ್ಲಿ ಸಣ್ಣ ಅಂಚೆ ಕಚೇರಿ ನಡೆಸುವ ಸಬ್ ಪೋಸ್ಟ್‌ಮಾಸ್ಟರುಗಳ ಕಥೆ ಅದು. ಜಪಾನಿನ ಫುಜಿತ್ಸು ಸಮೂಹದ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣತೊಡಗಿತು. ಕರಾರಿನ ಪ್ರಕಾರ ಕೊರತೆಯನ್ನು ಅವರೇ ತುಂಬಬೇಕು. ಯಂತ್ರ ತಪ್ಪಿರಬಹುದು ಎಂದರೆ ಕೇಳುವವರಿಲ್ಲ. ಒಂಬೈನೂರಕ್ಕೂ ಹೆಚ್ಚು ಜನ ಕಳ್ಳತನ, ವಂಚನೆಗಳ ಅಪರಾಧಿಗಳೆಂದು ತೀರ್ಪಾಯಿತು. ಕೆಲವರು ಜೈಲಿಗೆ ಹೋದರು, ಮನೆ ಕಳೆದುಕೊಂಡರು, ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಈ ಅನ್ಯಾಯ ಗುಟ್ಟಾಗಿರಲಿಲ್ಲ. 2009ರಲ್ಲೇ ಪತ್ರಿಕೆಯೊಂದು ಬರೆದಿತ್ತು. ಅಲನ್ ಬೇಟ್ಸ್ ಮುಂದಾಳಾಗಿ 555 ಜನ ಹೂಡಿದ ಮೊಕದ್ದಮೆಯಲ್ಲಿ 2019ರ ಹೊತ್ತಿಗೆ ನ್ಯಾಯಾಲಯವೇ ಸಾಫ್ಟ್‌ವೇರ್ ದೋಷವನ್ನು ಒಪ್ಪಿತ್ತು. ಆದರೂ ಸರ್ಕಾರ ಆಮೆನಡಿಗೆಯಲ್ಲಿತ್ತು. ಧಾರಾವಾಹಿ ಮುಗಿದು ವಾರ ಕಳೆಯುವಷ್ಟರಲ್ಲಿ ಪ್ರಧಾನಿ ರಿಷಿ ಸುನಕ್ ಹೊಸ ಕಾಯ್ದೆಯ ಭರವಸೆ ಕೊಟ್ಟರು. ಅದೇ ಮೇ ತಿಂಗಳಲ್ಲಿ ಕಾಯ್ದೆ ಬಂದು ಆ ಶಿಕ್ಷೆಗಳು ರದ್ದಾದವು. ವರದಿ ಓದಿದವರಿಗೆ ಅಂಕಿಸಂಖ್ಯೆ ಗೊತ್ತಿತ್ತು. ಧಾರಾವಾಹಿ ನೋಡಿದವರು ರಾತ್ರಿ ಅಂಗಡಿ ಮುಚ್ಚಿ, ಸಹಾಯವಾಣಿಗೆ ಫೋನ್ ಹಿಡಿದು, ಕಣ್ಣೆದುರೇ ಕೊರತೆ ಎರಡರಷ್ಟಾಗುವುದನ್ನು ನೋಡುತ್ತಾ ಕೂತ ಹೆಂಗಸಿನ ಪಕ್ಕದಲ್ಲಿ ಕೂತಂತಾಯಿತು. ಸರ್ಕಾರಕ್ಕೆ ಸುಮ್ಮನಿರಲು ಆಗದಂತೆ ಮಾಡಿದ್ದು ಅದು.

ಪರದೆಯ ಹಿಂದಿನ ಕೂಲಿ

ಟಿವಿಯ ಬಗ್ಗೆ ಇಷ್ಟು ಒಳ್ಳೆಯ ಮಾತಾಡಿದ ಮೇಲೆ ಅದರ ಹಿಂದಿನ ದುಡಿಮೆಯನ್ನು ಮರೆತರೆ ತಪ್ಪಾಗುತ್ತದೆ. ‘ಸ್ಕ್ವಿಡ್ ಗೇಮ್’ ಮೊದಲ ಸೀಸನ್ ತಯಾರಾದದ್ದು ಸುಮಾರು 2.14 ಕೋಟಿ ಡಾಲರಿನಲ್ಲಿ. ಅದರಿಂದ ನೆಟ್‌ಫ್ಲಿಕ್ಸ್‌ಗೆ ದಕ್ಕಿದ ಮೌಲ್ಯ ಸುಮಾರು 90 ಕೋಟಿ ಡಾಲರ್ ಎಂದು ಕಂಪನಿಯ ಒಳಗಿನ ಅಂದಾಜು ಹೇಳಿದ್ದಾಗಿ ವರದಿಯಾಯಿತು. ಬರೆದು ನಿರ್ದೇಶಿಸಿದ ಹ್ವಾಂಗ್ ಅವರಿಗೆ ಸಿಕ್ಕಿದ್ದು ಮೊದಲು ಒಪ್ಪಿದ ಸಂಭಾವನೆ. ಕೆಲಸದ ಒತ್ತಡಕ್ಕೆ ಅವರು ಆರು ಹಲ್ಲು ಕಳೆದುಕೊಂಡರು. ‘ದಿ ಸಿಂಪ್ಸನ್ಸ್’ ಅಮೆರಿಕದ್ದೆಂದು ಜಗತ್ತು ತಿಳಿದಿದೆ. ಅದರ ಚಿತ್ರಗಳಲ್ಲಿ ಬಹುಪಾಲು ಬರೆದವರು ದಕ್ಷಿಣ ಕೊರಿಯಾದ ಕಲಾವಿದರು. 2010ರಲ್ಲಿ ಬ್ಯಾಂಕ್ಸಿ ಎಂಬ ಬೀದಿ ಕಲಾವಿದ ಅದರ ಆರಂಭದ ದೃಶ್ಯವನ್ನು ಕಾರ್ಮಿಕರನ್ನು ಹಿಂಡುವ ಕಾರ್ಖಾನೆಯಂತೆ ಚಿತ್ರಿಸಿಕೊಟ್ಟಾಗ ಆ ದೃಶ್ಯವನ್ನು ತಯಾರಿಸಿದ್ದೂ ಸೋಲ್ ನಗರದ ಆ ಕಲಾವಿದರ ಸ್ಟುಡಿಯೊವೇ. 2023ರಲ್ಲಿ ಅಮೆರಿಕದ ಚಿತ್ರಕಥೆಗಾರರು 148 ದಿನ, ನಟರು 118 ದಿನ ಮುಷ್ಕರ ಮಾಡಿದರು. ಮರುಪ್ರಸಾರದ ಪಾಲು, ಕೃತಕ ಬುದ್ಧಿಮತ್ತೆಯ ಬಳಕೆಗೆ ಮಿತಿ ಅವರ ಮುಖ್ಯ ಬೇಡಿಕೆಗಳು. ಬಾಲ್ಟಿಮೋರ್‌ನ ಸೊಬೊಟ್ಕಾ ಎದುರಿಸಿದ ಯಂತ್ರ ಅವನ ಕಥೆ ಬರೆದವರ ಮೇಜಿಗೂ ಬಂದಿತ್ತು.

ನಮ್ಮ ಮನೆಯ ಟಿವಿ

ಭಾರತದಲ್ಲಿ ಈ ಪರಂಪರೆ ಇರಲಿಲ್ಲವೆಂದಲ್ಲ. 1984ರ ಜುಲೈ 7ರಂದು ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’ಗೆ ಪ್ರೇರಣೆ ಮೆಕ್ಸಿಕೊದಲ್ಲಿ ಮಿಗೆಲ್ ಸಬಿಡೊ ಮಾಡಿದ ಸಾಮಾಜಿಕ ಶಿಕ್ಷಣದ ಧಾರಾವಾಹಿಗಳು. ಕೆಳಮಧ್ಯಮ ವರ್ಗದ ಮನೆಯೊಂದರ ಉದ್ಯೋಗ, ಮದುವೆ, ಕುಡಿತಗಳ ಆ ಕಥೆಯನ್ನು ಮನೋಹರ ಶ್ಯಾಮ್ ಜೋಶಿ ಬರೆದರು. 1986ರ ‘ನುಕ್ಕಡ್’ ಬೀದಿ ಮೂಲೆಯ ಸೈಕಲ್ ರಿಪೇರಿಯವನನ್ನು, ಎಲೆಕ್ಟ್ರಿಷಿಯನ್ನನ್ನು ನಾಯಕರನ್ನಾಗಿಸಿತು. ಅದೇ ಕಾಲದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿ ಅಂಚೆಯವನು, ಅಂಗಡಿಯವನು, ಮೇಷ್ಟ್ರು ಇವರ ಕೆಲಸವನ್ನೇ ಕಥೆಯಾಗಿಸಿದರು. ಟಿ.ಎನ್. ಸೀತಾರಾಮ್ 1998ರ ‘ಮಾಯಾಮೃಗ’ದಿಂದ ಹಿಡಿದು ‘ಮನ್ವಂತರ’, ‘ಮುಕ್ತ’ಗಳವರೆಗೆ ನ್ಯಾಯಾಲಯ, ರಾಜಕೀಯ, ದುಡಿಯುವ ಹೆಣ್ಣುಮಕ್ಕಳನ್ನು ಕನ್ನಡ ಮನೆಗಳ ಸಂಜೆಯ ಮಾತುಕತೆಗೆ ತಂದರು. ಇಂದು ಹಿಂದಿಯ ‘ಪಂಚಾಯತ್’ ಒಬ್ಬ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯ ನಿತ್ಯದ ಕೆಲಸದಿಂದಲೇ ದೇಶದ ಆಡಳಿತವನ್ನು ತೋರಿಸುತ್ತಿದೆ.

ಆದರೆ ಇವತ್ತಿನ ಬಹುತೇಕ ಕನ್ನಡ ಧಾರಾವಾಹಿಗಳ ಮನೆಗಳಲ್ಲಿ ಯಾರೂ ದುಡಿಯುವುದಿಲ್ಲ. ನಾಯಕನಿಗೆ ಕಂಪನಿ ಇರುತ್ತದೆ, ಆ ಕಂಪನಿ ಏನು ತಯಾರಿಸುತ್ತದೆ ಎಂಬುದು ಐನೂರು ಕಂತಾದರೂ ಗೊತ್ತಾಗುವುದಿಲ್ಲ. ದುಡಿಮೆ ಮಾಯವಾದ ಮನೆಯಲ್ಲಿ ಅತ್ತೆ ಸೊಸೆಯರ ದ್ವೇಷಕ್ಕೆ ಸ್ವಭಾವದ ಹೊರತು ಬೇರೆ ಕಾರಣ ಉಳಿಯುವುದಿಲ್ಲ. ಕೆಲಸವನ್ನೇ ಕಾಯಕವೆಂದು ಎತ್ತಿಹಿಡಿದ ನಾಡು ನಮ್ಮದು. ಕಾರಂತರು 1933ರಲ್ಲೇ ‘ಚೋಮನ ದುಡಿ’ಯಲ್ಲಿ ಗುಡಿಸಲಿನ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗುವುದನ್ನು ಬರೆದರು. ಪರದೇಶಗಳ ಪೇಟೆಗೆ ಬೆಳೆಯುವ ಕಾಫಿಗೂ ಚೋಮನ ಮನೆಯ ಸಾವಿಗೂ ಇರುವ ನಂಟು ಆ ಸಣ್ಣ ಕಾದಂಬರಿಯಲ್ಲಿದೆ. ಸಾಹಿತ್ಯಕ್ಕೆ ಕಂಡದ್ದು ಕಿರುತೆರೆಗೆ ಕಾಣಬಾರದೇಕೆ?

ಕಥೆಗೆ ಬರವಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರ ಸರ್ಕಾರದ ಹೊಸ ನಿಯಮದ ವಿರುದ್ಧ ಅವರು ಎದ್ದಿದ್ದರು. ಎರಡನೇ ದಿನವೇ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅವರು ಹೊಲಿದ ಅಂಗಿಗಳು ಯುರೋಪು ಅಮೆರಿಕಗಳ ಅಂಗಡಿಗಳಿಗೆ ಹೋಗುತ್ತವೆ. ಅಲ್ಲಿನ ಸುಂಕದ ನಿರ್ಧಾರ ಪೀಣ್ಯದ ಒಂದು ಲೈನಿನ ಟಾರ್ಗೆಟ್ ಬದಲಿಸುತ್ತದೆ. ಊರಿಂದ ಬೆಳಗಿನ ಬಸ್ಸು ಹಿಡಿದು ಬಂದು, ಸೂಪರ್‌ವೈಸರನ ಬೈಗುಳ ಕೇಳಿ, ಗಂಟೆಗಿಷ್ಟು ಪೀಸ್ ಎಂದು ಎಣಿಸುತ್ತಾ ಹೊಲಿಯುವ ಒಬ್ಬಳ ಬದುಕನ್ನು ಇನ್ನೂರು ಕಂತು ಹಿಂಬಾಲಿಸಿದರೆ ಜಗತ್ತಿನ ವ್ಯಾಪಾರ ರಾಜಕೀಯ ಪೂರ್ತಿ ಕಾಣುತ್ತದೆ. ಕೊಲ್ಲಿ ದೇಶಗಳಿಗೆ ಹೋದ ಕರಾವಳಿಯವರ ಮನೆಗಳು, ರಾತ್ರಿ ಪಾಳಿಯ ಕಾಲ್‌ಸೆಂಟರ್ ಹುಡುಗರು, ಆ್ಯಪ್ ಹೇಳಿದಂತೆ ಬೈಕ್ ಓಡಿಸುವ ಡೆಲಿವರಿಯವರು, ಇವರೆಲ್ಲರ ದುಡಿಮೆಗೂ ದೂರದ ಅಧಿಕಾರಕ್ಕೂ ನೇರ ಸಂಬಂಧವಿದೆ.

ಹಾಗಾದರೆ ನೋಡುಗರಾಗಿ ನಾವು ಮಾಡಬೇಕಾದದ್ದೇನು? ಯಾವ ಧಾರಾವಾಹಿಯ ಮುಂದೆ ಕೂತಾಗಲೂ ಮೂರು ಪ್ರಶ್ನೆ ಕೇಳಬೇಕು. ಇಲ್ಲಿ ಯಾರು ದುಡಿಯುತ್ತಿದ್ದಾರೆ, ಯಾರ ದುಡಿಮೆ ಮರೆಯಾಗಿದೆ? ಆ ಕೆಲಸವನ್ನು ನಿಜವಾಗಿ ಮಾಡುವವರು ಇದನ್ನು ನೋಡಿದರೆ ಒಪ್ಪುತ್ತಾರೆಯೇ? ಈ ಕೆಲಸದ ಬೆಲೆ, ಅವಧಿ, ಅಪಾಯಗಳನ್ನು ನಿರ್ಧರಿಸುವವರು ಎಲ್ಲಿದ್ದಾರೆ? ಈ ಮೂರಕ್ಕೂ ಉತ್ತರ ಕೊಡಬಲ್ಲ ಧಾರಾವಾಹಿ ಅಡುಗೆಮನೆಯ ಕಥೆಯಾದರೂ ಜಾಗತಿಕ ರಾಜಕೀಯದ ಪಾಠವಾಗುತ್ತದೆ. ಉತ್ತರ ಕೊಡಲಾರದ್ದು ಅಧ್ಯಕ್ಷರ ಭವನದಲ್ಲೇ ನಡೆದರೂ ನಮಗೆ ಏನನ್ನೂ ಕಲಿಸುವುದಿಲ್ಲ.

ಕನ್ನಡದ ವಾಹಿನಿಗಳಿಗೆ ಪ್ರತಿಭೆ ಇದೆ, ದಿನಾ ಸಂಜೆ ಕಾಯುವ ಲಕ್ಷಾಂತರ ಮನೆಗಳಿವೆ. ಆ ಮನೆಗಳಲ್ಲಿ ಬಹುಪಾಲು ದುಡಿದು ದಣಿದು ಬಂದವರ ಮನೆಗಳು. ತಮ್ಮ ದುಡಿಮೆಗೆ ಕಥೆಯಾಗುವ ಯೋಗ್ಯತೆ ಇದೆಯೆಂದು, ತಮ್ಮ ಕೈಗೂ ಜಗತ್ತಿನ ಆಗುಹೋಗುಗಳಿಗೂ ನಂಟಿದೆಯೆಂದು ಅವರಿಗೆ ಪರದೆಯ ಮೇಲೆ ಕಾಣಬೇಕು. ಹೊಲಿಗೆ ಲೈನಿನ ಹೆಣ್ಣುಮಗಳನ್ನು ನಾಯಕಿಯಾಗಿಸಿ, ಅವಳ ಕಾರ್ಖಾನೆಯ ಗೇಟು ದಾಟಿ ಒಳಗೆ ಹೋಗುವ ಒಂದು ಧಾರಾವಾಹಿಯನ್ನು ಕನ್ನಡ ಈಗಲೇ ಬರೆಯಬೇಕು.